ದಡದಿಂದಲೇ ಈಟಿ ಹಿಡಿದು ಮೀನು ಬೇಟೆ: ಮೊದಲು ಏನು ಕೊಳ್ಳಲಿ, ಏನು ಕಲಿಯಲಿ?

ಕಡಲಕೋಲು:
ಎಲ್ಲರಿಗೂ ನಮಸ್ಕಾರ. ನನಗೆ 16 ವರ್ಷ. ಈಜು ಚೆನ್ನಾಗಿ ಬರುತ್ತೆ, ಮಾಸ್ಕ್, ಸ್ನಾರ್ಕೆಲ್ ರೂಢಿ ಇದೆ. ದೋಣಿ ಇಲ್ಲ, ಬಂಡೆಗಳಿರುವ ದಡದಿಂದಲೇ ಇಳಿಯಬೇಕು. ಸ್ಪಿಯರ್‌ಗನ್‌ನಲ್ಲಿ (ರಬ್ಬರ್ ಎಳೆತದಿಂದ ಈಟಿ ಹಾರಿಸುವ ಗನ್) 75 ಸೆಂಮೀ ತಗೊಳ್ಳೋದಾ, 90 ತಗೊಳ್ಳೋದಾ? ತೇಲದೆ ಮುಳುಗೋಕೆ ಸೊಂಟಕ್ಕೆ ಎಷ್ಟು ಕೆಜಿ ಸೀಸ ಕಟ್ಟಬೇಕು? ಮೂರು ಮೀಟರ್ ಇಳಿಯುವಷ್ಟರಲ್ಲಿ ಕಿವಿ ನೋಯುತ್ತೆ, ಅದಕ್ಕೇನು ಮಾಡೋದು? ಹತ್ತಿರ ಹೋದ ಕೂಡಲೇ ಮೀನು ಯಾಕೆ ಓಡುತ್ತೆ? ಗೊತ್ತಿರುವವರು ದಯವಿಟ್ಟು ಹೇಳಿ.

ಬಂಡೆಸಾಲು:
75ಊ ಬೇಡ, 90ಊ ಬೇಡ. ಪೋಲ್ ಸ್ಪಿಯರ್ ತಗೋ ತಮ್ಮ. ಅದಕ್ಕೂ ಮೊದಲು ನೀನಿರುವ ಕಡೆಯ ಕಾನೂನು ನೋಡು. ಫ್ರಾನ್ಸ್, ಇಟಲಿಯಲ್ಲಿ 16 ತುಂಬದವರು ಈ ಬೇಟೆಗೆ ಇಳಿಯುವಂತಿಲ್ಲ. ಕೆಲವು ಕಡೆ ಪರವಾನಗಿ ಬೇಕು, ಈಜುವವರಿರುವ ದಡದಿಂದ ಇಷ್ಟು ದೂರ ಇರಬೇಕು ಅಂತ ನಿಯಮ ಇರುತ್ತೆ. ಯಾವ ಮೀನನ್ನು ಎಷ್ಟು ಉದ್ದಕ್ಕಿಂತ ಚಿಕ್ಕದಿದ್ದರೆ ಹಿಡಿಯಬಾರದು ಅನ್ನೋದೂ ಗೊತ್ತಿರಬೇಕು.

ಪೋಲ್ ಸ್ಪಿಯರ್ ಅಂದ್ರೆ ಫೈಬರ್‌ಗ್ಲಾಸ್ ಅಥವಾ ಅಲ್ಯೂಮಿನಿಯಂ ಕೋಲು, ಹಿಂತುದಿಗೆ ಒಂದು ರಬ್ಬರ್ ಕುಣಿಕೆ. ನಿನಗೆ 1.8ರಿಂದ 2.1 ಮೀಟರ್ ಉದ್ದ ಸಾಕು. ಕುಣಿಕೆಯನ್ನು ಹೆಬ್ಬೆರಳು, ತೋರುಬೆರಳಿನ ಸಂದಿಗೆ ಸಿಕ್ಕಿಸಿ, ಅದೇ ಕೈಯನ್ನು ಕೋಲಿನ ಮೇಲೆ ಮುಂದಕ್ಕೆ ಚಾಚಿ ಬಿಗಿಯಾಗಿ ಹಿಡಿ. ಹಿಡಿತ ಬಿಟ್ಟರೆ ಕೋಲು ಚಿಮ್ಮುತ್ತೆ. ಮೇಲೆಯೇ ಎಳೆದುಕೊಂಡು ಇಳಿದರೆ ಮೀನು ಸಿಗುವ ಹೊತ್ತಿಗೆ ಮುಂಗೈ ಸೋತು ನಡುಗುತ್ತಿರುತ್ತೆ, ಆದ್ದರಿಂದ ಕೆಳಗೆ ಹೋದ ಮೇಲೆ ಎಳೆ. ತುದಿಗೂ ಮೀನಿಗೂ ಒಂದು ಮೀಟರ್‌ಗಿಂತ ಕಡಿಮೆ ಅಂತರ ಇರಬೇಕು. ಸಣ್ಣ ಮೀನಿಗೆ ಮೂರು ಮುಳ್ಳಿನ ತುದಿಯೇ ಒಳ್ಳೆಯದು. ಮೀನಿನ ಹಿಂದೆ ಬಂಡೆ ಇದ್ದರೆ ಹೊಡೆಯಬೇಡ, ಒಂದೇ ಏಟಿಗೆ ಮುಳ್ಳು ಬಾಗುತ್ತೆ.

ಗನ್ ಯಾಕೆ ಬೇಡ ಅಂದ್ರೆ, ದೂರ ಹೊಡೆಯುವ ಆಸೆ ಹುಟ್ಟಿಸುತ್ತೆ. ದೂರದ ಏಟು ಹೊಟ್ಟೆಗೋ ಬಾಲಕ್ಕೋ ಬಿದ್ದು ಮೀನು ಹರಿದುಕೊಂಡು ಹೋಗಿ ಎಲ್ಲೋ ಸಾಯುತ್ತೆ. ಇನ್ನೊಂದು, ಪೋಲ್ ಸ್ಪಿಯರ್‌ನ ಕೈ ಸಡಿಲಿಸಿದರೆ ಅದು ಬರೀ ಕೋಲು. ಲೋಡ್ ಮಾಡಿದ ಗನ್ ಮಾತ್ರ ಟ್ರಿಗರ್ ಒತ್ತುವವರೆಗೂ ಲೋಡ್ ಆಗಿಯೇ ಇರುತ್ತೆ. ಮುಂದೆ ಗನ್ ಕೊಂಡರೆ 75 ಸಾಕು. ನೀರಿನ ಹೊರಗೆ ಯಾವತ್ತೂ ಲೋಡ್ ಮಾಡಬೇಡ, ಸೇಫ್ಟಿ ಲಾಕ್ ನಂಬಬೇಡ, ದಡಕ್ಕೆ ಬರುವ ಮೊದಲೇ ರಬ್ಬರ್ ಕಳಚು.

ಉಪ್ಪುಗಾಳಿ:
ಪೋಲ್ ಸ್ಪಿಯರ್ ವಿಷಯ ಒಪ್ಪಿದೆ. ಆದರೆ ಕೈಗೆ ಕೋಲು ಬರುವ ಮುಂಚೆ ಉಸಿರಿನ ಪಾಠ ಆಗಬೇಕು. ಈ ಹವ್ಯಾಸದಲ್ಲಿ ಜೀವ ಹೋಗುವುದು ಹೆಚ್ಚಾಗಿ ಉಸಿರುಕಟ್ಟಿ ಪ್ರಜ್ಞೆ ತಪ್ಪುವುದರಿಂದ, ಈಟಿಯಿಂದಲ್ಲ.

10 ಮೀಟರ್ ಆಳದಲ್ಲಿ ಒತ್ತಡ ಮೇಲಿನದರ ಎರಡರಷ್ಟು. ಆ ಒತ್ತಡದಿಂದಾಗಿ ಶ್ವಾಸಕೋಶದಲ್ಲಿ ಉಳಿದ ಸ್ವಲ್ಪ ಆಮ್ಲಜನಕವೇ ಮೆದುಳಿಗೆ ಸಾಕಾಗುತ್ತದೆ. ಮೇಲೆ ಬರುತ್ತಿದ್ದಂತೆ ಒತ್ತಡ ಅರ್ಧಕ್ಕಿಳಿಯುತ್ತದೆ, ಅದರ ಜೊತೆ ಆಮ್ಲಜನಕದ ಪಾಲೂ ಕುಸಿಯುತ್ತದೆ. ಆದ್ದರಿಂದ ಪ್ರಜ್ಞೆ ತಪ್ಪುವುದು ಹೆಚ್ಚಾಗಿ ಕೊನೆಯ ಕೆಲವು ಮೀಟರ್‌ಗಳಲ್ಲಿ, ಇಲ್ಲವೇ ಮೇಲೆ ಬಂದು ಉಸಿರೆಳೆದ ಮೇಲೆ. ಯಾವ ಮುನ್ಸೂಚನೆಯೂ ಇರುವುದಿಲ್ಲ. ಮುಳುಗುವ ಮುನ್ನ ಬುಸಬುಸನೆ ಉಸಿರಾಡುವ ಅಭ್ಯಾಸ ಅಪಾಯಕಾರಿ. ಅದರಿಂದ ಆಮ್ಲಜನಕ ಹೆಚ್ಚೇನೂ ಕೂಡುವುದಿಲ್ಲ, ಇಂಗಾಲದ ಡೈಆಕ್ಸೈಡ್ ಮಾತ್ರ ಕಡಿಮೆಯಾಗುತ್ತದೆ. ‘ಉಸಿರು ಬೇಕು’ ಎಂದು ದೇಹ ಎಚ್ಚರಿಸುವುದೇ ಆ ಅನಿಲ ಹೆಚ್ಚಾದಾಗ. ಸಾಮಾನ್ಯವಾಗಿ ಉಸಿರಾಡಿ, ಕೊನೆಗೊಂದು ತುಂಬು ಉಸಿರು ತೆಗೆದುಕೊಂಡು ಇಳಿಯಿರಿ.

ಎರಡು ಮುಳುಗಿನ ನಡುವೆ, ಕೆಳಗಿದ್ದ ಹೊತ್ತಿನ ಎರಡರಷ್ಟಾದರೂ ವಿಶ್ರಾಂತಿ ಬೇಕು. 40 ಸೆಕೆಂಡ್ ಕೆಳಗಿದ್ದರೆ 80 ಸೆಕೆಂಡ್. ಎರಡು ನಿಮಿಷ ಕೊಟ್ಟರೆ ಇನ್ನೂ ಒಳ್ಳೆಯದು.

ಒಬ್ಬರೇ ಹೋಗಲೇಬೇಡಿ. ಜೊತೆಗೆ ಇನ್ನೊಬ್ಬರು ನೀರಿನಲ್ಲಿದ್ದರೆ ಸಾಲದು. ಒಬ್ಬರು ಕೆಳಗಿದ್ದಾಗ ಇನ್ನೊಬ್ಬರು ಮೇಲಿದ್ದು ಅವರನ್ನೇ ನೋಡುತ್ತಿರಬೇಕು, ಮೇಲೆ ಬಂದ ಮೇಲೂ 30 ಸೆಕೆಂಡ್ ಕಣ್ಣು ತೆಗೆಯಬಾರದು. ಇಬ್ಬರೂ ಬೇರೆಬೇರೆ ಬಂಡೆಯ ಹಿಂದೆ ಮೀನು ಹುಡುಕುತ್ತಿದ್ದರೆ ಒಬ್ಬಂಟಿಯಾಗಿ ಹೋದ ಹಾಗೇ. ಇಬ್ಬರಲ್ಲಿ ಕಡಿಮೆ ಆಳಕ್ಕೆ ಇಳಿಯಬಲ್ಲವರು ಎಷ್ಟು ಇಳಿಯುತ್ತಾರೋ ಅಷ್ಟೇ ನಿಮ್ಮ ಮಿತಿ. ಮುಳುಗುವಾಗ ಸ್ನಾರ್ಕೆಲ್ ಬಾಯಿಂದ ತೆಗೆಯಿರಿ. ಪ್ರಜ್ಞೆ ತಪ್ಪಿದರೆ ಅದೇ ನೀರಿನ ಕೊಳವೆಯಾಗುತ್ತದೆ. ಜೊತೆಗಾರ ಪ್ರಜ್ಞೆ ತಪ್ಪಿದರೆ ಸೀಸದ ಪಟ್ಟಿ ಕಳಚಿ, ಮುಖ ನೀರಿನ ಮೇಲೆ ಹಿಡಿದು, ಮಾಸ್ಕ್ ತೆಗೆದು, ಕೆನ್ನೆ ತಟ್ಟಿ, ಕಣ್ಣಿನ ಸುತ್ತ ಊದಿ, ‘ಉಸಿರಾಡು’ ಎಂದು ಜೋರಾಗಿ ಹೇಳಿ. ಆಗಲೂ ಉಸಿರು ಬಾರದಿದ್ದರೆ ಬಾಯಿಗೆ ಬಾಯಿಟ್ಟು ಉಸಿರು ಕೊಡಬೇಕು. ಇದನ್ನು ಓದಿ ಕಲಿಯಲಾಗುವುದಿಲ್ಲ, ಉಸಿರು ಹಿಡಿದು ಮುಳುಗುವುದನ್ನು ಕಲಿಸುವ ಫ್ರೀಡೈವಿಂಗ್‌ನ ಮೊದಲ ಹಂತದ ಕೋರ್ಸ್ ಮಾಡಿ. ಡೈವಿಂಗ್ ತರಬೇತಿ ಸಂಸ್ಥೆ ಪ್ಯಾಡಿಯ ಫ್ರೀಡೈವರ್ ಕೋರ್ಸ್‌ಗೆ 15 ತುಂಬಿದ್ದರೆ ಸಾಕು.

ಸೀಸಕ್ಕೆ ಎಲ್ಲರಿಗೂ ಹೊಂದುವ ಲೆಕ್ಕ ಇಲ್ಲ. 3 ಮಿಮೀ ದಪ್ಪದ ವೆಟ್‌ಸೂಟ್ (ಮೈ ಬೆಚ್ಚಗಿಡುವ ರಬ್ಬರ್ ಉಡುಪು) ಇದ್ದರೆ 2 ಕೆಜಿಯಿಂದ ಶುರು ಮಾಡಿ, ಅರ್ಧ ಅರ್ಧ ಕೆಜಿ ಕೂಡಿಸಿ ನೋಡಿ. ತುಂಬು ಉಸಿರಿನಲ್ಲಿ ಅಲ್ಲಾಡದೆ ನೆಟ್ಟಗೆ ನಿಂತಾಗ ಗಲ್ಲದವರೆಗೆ ನೀರು ಬರಬೇಕು. ಸಹಜವಾಗಿ ಉಸಿರು ಬಿಟ್ಟರೆ ಕಣ್ಣಿನ ಮಟ್ಟಕ್ಕೆ ಇಳಿಯಬಹುದು, ಪೂರ್ತಿ ಮುಳುಗಿದರೆ ಸೀಸ ಹೆಚ್ಚಾಯಿತು. ಆಳಕ್ಕೆ ಹೋದಂತೆ ಸೂಟ್ ಕುಗ್ಗಿ ತೇಲುವ ಶಕ್ತಿ ಕಳೆದುಕೊಳ್ಳುತ್ತದೆ, ಆದ್ದರಿಂದ ಕಡಿಮೆ ಇರುವುದೇ ಕ್ಷೇಮ. ಪಟ್ಟಿ ರಬ್ಬರಿನದಾಗಿರಲಿ, ಒಂದೇ ಕೈಯಲ್ಲಿ ಕಳಚುವಂತಿರಲಿ. ಬಟ್ಟೆಯ ಪಟ್ಟಿ ತಲೆಕೆಳಗಾದಾಗ ಎದೆಗೆ ಜಾರುತ್ತದೆ.

ನೊರೆ_ತೆರೆ:
ಕಿವಿಯದ್ದು ನಾನು ಹೇಳ್ತೀನಿ. ನೋವು ಶುರುವಾದ ಮೇಲೆ ಮೂಗು ಹಿಡಿದು ಊದಿದರೆ ಆಗಲೇ ತಡ. ನೀರಿನ ಮೇಲೆ ಇದ್ದಾಗಲೇ ಒಮ್ಮೆ, ಆಮೇಲೆ ಪ್ರತಿ ಅರ್ಧ ಮೀಟರ್‌ಗೆ ಒಮ್ಮೆ ಮಾಡಿ. ತಲೆಕೆಳಗಾಗಿ ಇಳಿಯುವಾಗ ಎದೆಯಿಂದ ಊದುವ ಕ್ರಮ ಚೆನ್ನಾಗಿ ಕೆಲಸ ಮಾಡಲ್ಲ. ಮೂಗು ಹಿಡಿದು, ಗಂಟಲು ಮುಚ್ಚಿ, ನಾಲಿಗೆಯ ಹಿಂಭಾಗವನ್ನು ಮೇಲೆ ದೂಡಿ ಬಾಯಿಯ ಗಾಳಿಯನ್ನು ಒತ್ತಬೇಕು. ಇದಕ್ಕೆ ಫ್ರೆಂಜೆಲ್ ಅಂತಾರೆ. ಕನ್ನಡಿ ಮುಂದೆ ಮಾಡಿ ನೋಡಿ: ಹೊಟ್ಟೆ ಅಲ್ಲಾಡದೆ ಕಿವಿ ‘ಟಿಕ್’ ಅಂದರೆ ಸರಿ. ಕತ್ತು ಹಿಂದಕ್ಕೆ ಬಾಗಿಸಿ ತಳ ನೋಡುತ್ತಾ ಇಳಿದರೆ ಕಿವಿ ತೆರೆಯಲ್ಲ, ಗಲ್ಲ ಎದೆ ಕಡೆಗಿರಲಿ. ನೆಗಡಿ ಇದ್ದ ದಿನ ನೀರಿಗೆ ಇಳಿಯಬೇಡಿ. ಮಾಸ್ಕ್ ಮುಖವನ್ನು ಹೀರಿದಂತಾದರೆ ಮೂಗಿನಿಂದ ಸ್ವಲ್ಪ ಗಾಳಿ ಬಿಡಿ. ಈಜುಕೊಳದ ಕನ್ನಡಕ ಹಾಕಿ ಮುಳುಗಬಾರದು ಅನ್ನೋದು ಇದಕ್ಕೇ.

ಮೀನು ಓಡೋದು ನೀವು ಅದರ ಕಡೆಗೇ ನೋಡುತ್ತಾ ನೇರ ಹೋಗುವುದರಿಂದ. ಬೆನ್ನಟ್ಟಬೇಡಿ. ಮೀನಿಂದ ನಾಲ್ಕೈದು ಮೀಟರ್ ಆಚೆ ಸದ್ದಿಲ್ಲದೆ ಇಳಿದು, ಬಂಡೆಯ ಮರೆಯಲ್ಲಿ ಮಲಗಿ, ಬೇರೆ ಕಡೆ ನೋಡುತ್ತಾ ಇರಿ. ಹಲವು ಮೀನು ಕುತೂಹಲಕ್ಕೆ ತಾವಾಗಿಯೇ ಬಂದು ಪಕ್ಕೆ ತೋರಿಸುತ್ತವೆ. ಆಗ ಕಿವಿರಿನ ಮುಚ್ಚಳದ ಹಿಂದೆ, ಬೆನ್ನುಮೂಳೆಯ ಮಟ್ಟಕ್ಕೆ ಹೊಡೆಯಿರಿ. ಮಾಸ್ಕ್‌ನಲ್ಲಿ ಎಲ್ಲವೂ ಮೂರರಲ್ಲಿ ಒಂದು ಪಾಲು ದೊಡ್ಡದಾಗಿ ಕಾಣುತ್ತೆ: 40 ಸೆಂಮೀ ಅನ್ನಿಸಿದ ಮೀನು ನಿಜಕ್ಕೂ 30 ಇರುತ್ತೆ.

ಕಡಲಕೋಲು:
ತುಂಬಾ ಥ್ಯಾಂಕ್ಸ್. ಗನ್ ಯೋಚನೆ ಬಿಟ್ಟೆ. ಕಸಿನ್ ಜೊತೆ ಕೋರ್ಸ್‌ಗೆ ಸೇರ್ತೀವಿ. ಹಗ್ಗ ಕಟ್ಟಿ ಎಳೆದೊಯ್ಯುವ ತೇಲುಬುರುಡೆ, ಅಂದ್ರೆ ಫ್ಲೋಟ್, ಬೇಕೇ ಬೇಕಾ? ಮೀನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರೆ ಆಗಲ್ವಾ?

ಬಂಡೆಸಾಲು:
ಫ್ಲೋಟ್ ಬೇಕೇ ಬೇಕು. ದೋಣಿಯವನಿಗೆ ನಿನ್ನ ಕಪ್ಪು ತಲೆ ಕಾಣಲ್ಲ, ಫ್ಲೋಟ್ ಮೇಲಿನ ಕೆಂಪಿನಲ್ಲಿ ಬಿಳಿ ಓರೆಪಟ್ಟಿಯ ಬಾವುಟ ಕಾಣುತ್ತೆ. ಕೆಲವು ಕಡೆ ನೀಲಿ-ಬಿಳಿ ಬಾವುಟ ಕಡ್ಡಾಯ. ಫ್ಲೋಟ್‌ನ ಹಗ್ಗ ಆಳದ ಒಂದೂವರೆಯಷ್ಟು ಇರಲಿ, ತೇಲುವಂಥದ್ದೇ ಇರಲಿ. ಅದನ್ನು ಮಣಿಕಟ್ಟಿಗೆ ಸುತ್ತಿಕೊಳ್ಳಬೇಡ. ಎರಡೂ ಕೈಗೆ ಎಟಕುವ ಜಾಗದಲ್ಲಿ ಒಂದು ಚಿಕ್ಕ ಚಾಕು ಇಟ್ಟುಕೋ, ಹಗ್ಗವೋ ಹಳೇ ಬಲೆಯೋ ಸುತ್ತಿಕೊಂಡರೆ ಕತ್ತರಿಸೋಕೆ.

ಮೀನನ್ನು ಸೊಂಟಕ್ಕೆ ಸಿಕ್ಕಿಸಬೇಡ, ರಕ್ತಕ್ಕೆ ಶಾರ್ಕ್ ಬಂದರೆ ಅದು ನೇರ ನಿನ್ನ ಹತ್ತಿರವೇ ಬರುತ್ತೆ. ಫ್ಲೋಟ್‌ಗೆ ಕಟ್ಟು. ಹಿಡಿದ ಕೂಡಲೇ ಕಣ್ಣಿನ ಹಿಂದೆ ತುಸು ಮೇಲೆ ಚಾಕು ಚುಚ್ಚಿ ಮೆದುಳು ನಿಲ್ಲಿಸು, ಆಮೇಲೆ ಕಿವಿರು ಕೊಯ್ದು ರಕ್ತ ಹರಿಸು.

ಇಳಿಯುವ ಮುಂಚೆ ದಡದಲ್ಲಿ ಕಾಲು ಗಂಟೆ ಕೂತು ಅಲೆ ನೋಡು. ದೊಡ್ಡ ಅಲೆಗಳು ಗುಂಪಾಗಿ ಬರ್ತವೆ, ನಡುವೆ ಬಿಡುವಿರುತ್ತೆ. ಇಳಿಯುವ ಜಾಗಕ್ಕಿಂತ ಹತ್ತುವ ಜಾಗವನ್ನು ಮೊದಲು ಗೊತ್ತುಮಾಡಿಕೋ. ಸೆಳೆತಕ್ಕೆ ಎದುರಾಗಿ ಶುರು ಮಾಡಿದರೆ ಸುಸ್ತಾದಾಗ ಅದೇ ನಿನ್ನನ್ನು ವಾಪಸ್ ತರುತ್ತೆ.

ಉಪ್ಪುಗಾಳಿ:
ಒಂದು ಮಾತು ಬಿಟ್ಟುಹೋಗಿತ್ತು. ಗುರುತು ಸಿಗದ ಮೀನಿಗೆ ಹೊಡೆಯಬೇಡಿ. ಲಯನ್‌ಫಿಶ್, ಸ್ಟೋನ್‌ಫಿಶ್‌ಗಳ ಬೆನ್ನಮುಳ್ಳಿನಲ್ಲಿ ವಿಷ ಇದೆ. ಚುಚ್ಚಿದರೆ ಆ ಭಾಗವನ್ನು ತಡೆದುಕೊಳ್ಳುವಷ್ಟು ಬಿಸಿಯ, 45 ಡಿಗ್ರಿ ಸೆಲ್ಸಿಯಸ್ ಮೀರದ ನೀರಿನಲ್ಲಿ 30ರಿಂದ 90 ನಿಮಿಷ ಅದ್ದಿಡಬೇಕು. ಬಿಸಿಯನ್ನು ಚುಚ್ಚದ ಕೈಯಿಂದ ಮೊದಲು ನೋಡಿ, ನೋವಿನಲ್ಲಿ ಸುಟ್ಟುಕೊಂಡರೂ ತಿಳಿಯುವುದಿಲ್ಲ. ಸ್ಟೋನ್‌ಫಿಶ್ ಆಗಿದ್ದರೆ ತಡಮಾಡದೆ ಆಸ್ಪತ್ರೆಗೆ.