ಓದುಗರ ಸ್ಪಂದನ: ದರ ಇಳಿಸುವ ಬದಲು ಕೆಲಸ ಇಳಿಸಿ

ಕಳೆದ ಸಂಚಿಕೆಯ ಪ್ರಶ್ನೆ: ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಎಂಟು ಜನರ ಸಾಫ್ಟ್‌ವೇರ್ ಕಂಪನಿ ನಡೆಸುತ್ತಿದ್ದೇನೆ. ಬೆಂಗಳೂರಿನ ಐಟಿ ಕಂಪನಿಯೊಂದು ಮೊಬೈಲ್ ಆ್ಯಪ್ ಕೆಲಸ ಕೊಡಲು ಮುಂದೆ ಬಂದಿದೆ. 8.40 ಲಕ್ಷ ರೂಪಾಯಿ ಕೇಳಿದ್ದೆ. ಶೇ 25 ಬಿಡಿ, ಕೆಲಸ ಮುಗಿದ 90 ದಿನಕ್ಕೆ ಹಣ ಕೊಡುತ್ತೇವೆ, ಮುಂದೆ ದೊಡ್ಡ ಕೆಲಸ ಇದೆ ಎನ್ನುತ್ತಾರೆ. ಒಪ್ಪಲೇ? ಬೇರೆ ಗಿರಾಕಿಗಳನ್ನು ಹುಡುಕುವುದು ಹೇಗೆ?

*

ಉತ್ತರ ಕೊಡುವ ಮುನ್ನ ಒಬ್ಬ ಡೆವಲಪರ್‌ನ ಒಂದು ದಿನದ ಅಸಲು ಖರ್ಚನ್ನು ಬರೆದು ನೋಡಿ. ತಿಂಗಳ ಸಂಬಳ 40,000, ಬಾಡಿಗೆ, ಕರೆಂಟು, ಇಂಟರ್ನೆಟ್, ಪಿಎಫ್, ಲ್ಯಾಪ್‌ಟಾಪ್ ಸವಕಳಿ ಎಲ್ಲ ಸೇರಿ ಒಬ್ಬರಿಗೆ 14,000 ಅಂತ ಹಿಡಿಯೋಣ. ಒಟ್ಟು 54,000. ಇದನ್ನು 22 ದಿನಕ್ಕೆ ಭಾಗಿಸಿದರೆ ಲೆಕ್ಕ ಅಲ್ಲೇ ತಪ್ಪಿತು. ರಜೆ, ಮೀಟಿಂಗು, ಹಳೆ ಗಿರಾಕಿಗಳ ರಿಪೇರಿ ಕಳೆದು ಬಿಲ್ ಮಾಡಲು ಸಿಗುವುದು ಸುಮಾರು 16 ದಿನ. ಆಗ ದಿನಕ್ಕೆ 3,375 ಬೀಳುತ್ತದೆ. ಲಾಭ ಸೇರಿಸಿ 4,200 ಎಂದರೆ 200 ಆಳು-ದಿನಕ್ಕೆ (ಒಬ್ಬರ ಒಂದು ದಿನದ ಕೆಲಸ ಒಂದು ಆಳು-ದಿನ) ನೀವು ಕೇಳಿದ 8.40 ಲಕ್ಷ. ಶೇ 25 ಬಿಟ್ಟರೆ ದಿನಕ್ಕೆ 3,150. ಅಂದರೆ 45,000 ರೂಪಾಯಿ ಕೈಯಿಂದ ಹಾಕಿ ಕೆಲಸ ಮಾಡಿಕೊಟ್ಟಂತೆ. ಒಮ್ಮೆ ಇಳಿದ ದರ ಅವರ ಖರೀದಿ ವಿಭಾಗದ ಕಡತದಲ್ಲಿ ಉಳಿಯುತ್ತದೆ, ಮುಂದಿನ ದೊಡ್ಡ ಕೆಲಸವೂ ಅದೇ ದರಕ್ಕೆ ಬರುತ್ತದೆ.

ಹಾಗಾಗಿ ಹೀಗೆ ಹೇಳಿ: "ನಿಮ್ಮ ಬಜೆಟ್ 6.30 ಲಕ್ಷವೇ ಆದರೆ ಅದು 150 ಆಳು-ದಿನದ ಕೆಲಸ. ಐಫೋನ್ ಆವೃತ್ತಿ, ರಿಪೋರ್ಟ್ ಪುಟಗಳು ಎರಡನೇ ಹಂತಕ್ಕೆ ಹೋಗಲಿ." ದರ ಹಾಗೇ ನಿಂತಿತು, ಅವರ ಬಜೆಟ್ಟೂ ಉಳಿಯಿತು. ಪ್ರಸ್ತಾವದಲ್ಲಿ "ಇದರಲ್ಲಿ ಸೇರಿಲ್ಲ" ಎಂಬ ಒಂದು ಭಾಗ ಇರಲೇಬೇಕು: ಸರ್ವರ್ ಬಾಡಿಗೆ, ಎಸ್‌ಎಂಎಸ್ ಖರ್ಚು, ಪೇಮೆಂಟ್ ಗೇಟ್‌ವೇ ಶುಲ್ಕ.

ನಷ್ಟ ಬಹಳ ಸಲ ಒಳಗೆ ಬರುವುದು ವಾಟ್ಸ್‌ಆ್ಯಪ್‌ನಲ್ಲಿ. "ರಿಪೋರ್ಟನ್ನು ಎಕ್ಸೆಲ್‌ಗೆ ಇಳಿಸಿಕೊಳ್ಳಲು ಒಂದು ಬಟನ್ ಹಾಕಿ" ಎನ್ನುತ್ತಾರೆ. ಅರ್ಧ ದಿನದ್ದು ಅನಿಸುತ್ತದೆ. ಆಮೇಲೆ ಯಾರಿಗೆ ಇಳಿಸುವ ಅನುಮತಿ, ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ, ಲಕ್ಷ ಸಾಲು ಇದ್ದರೆ ಸರ್ವರ್ ನಿಲ್ಲುವುದು, ಇಳಿಸಿದ ಸಿಎಸ್‌ವಿ ಕಡತವನ್ನು (ಎಕ್ಸೆಲ್‌ನಲ್ಲಿ ತೆರೆಯುವ ಸರಳ ಪಠ್ಯ ಕಡತ) ತೆರೆದಾಗ ಕನ್ನಡ ಅಕ್ಷರ ಕಲಸುಮೇಲೋಗರ ಆಗುವುದು! ಹೀಗೆ ನಾಲ್ಕು ದಿನ ಹೋಯಿತು. ಪ್ರತಿ ಬದಲಾವಣೆಗೂ ಎಷ್ಟು ದಿನ, ಎಷ್ಟು ರೂಪಾಯಿ ಎಂದು ಇಮೇಲ್ ಮಾಡಿ. ಒಪ್ಪಿಗೆ ಬರುವ ತನಕ ಕೀಲಿಮಣೆ ಮುಟ್ಟಬೇಡಿ.

- ಪ್ರಾಜೆಕ್ಟ್ ಮ್ಯಾನೇಜರ್, ಗೋಕುಲ ರಸ್ತೆ, ಹುಬ್ಬಳ್ಳಿ

*

ನನಗೆ ದರಕ್ಕಿಂತ ಆ 90 ದಿನವೇ ಹೆಚ್ಚು ಭಯ ಹುಟ್ಟಿಸುತ್ತದೆ. 8.40 ಲಕ್ಷದ ಬಿಲ್ಲಿಗೆ ಶೇ 18ರಂತೆ ಜಿಎಸ್‌ಟಿ 1,51,200. ಗಿರಾಕಿ ದುಡ್ಡು ಕೊಡಲಿ ಬಿಡಲಿ, ಬಿಲ್ ಹಾಕಿದ ಮುಂದಿನ ತಿಂಗಳೇ ನೀವು ಅದನ್ನು ಕಟ್ಟಬೇಕು. ಎಂಟು ಜನರ ಸಂಬಳದ ಜತೆಗೆ ಇದನ್ನೂ ಎಲ್ಲಿಂದ ತರುತ್ತೀರಿ?

ಸಣ್ಣ ಉದ್ಯಮಗಳಿಗೆ ಕೇಂದ್ರ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಆಗಿಲ್ಲದಿದ್ದರೆ ಕೆಲಸದ ಆದೇಶ ಬರುವ ಮೊದಲೇ ಮಾಡಿಸಿ, ಅದಕ್ಕೆ ಶುಲ್ಕವಿಲ್ಲ. ನೋಂದಣಿ ಸಂಖ್ಯೆಯನ್ನು ಪ್ರಸ್ತಾವದಲ್ಲೂ ಬಿಲ್ಲಿನಲ್ಲೂ ಮುದ್ರಿಸಿ. 2006ರ ಎಂಎಸ್‌ಎಂಇ (ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮ) ಅಭಿವೃದ್ಧಿ ಕಾಯ್ದೆಯ ಪ್ರಕಾರ ಸೂಕ್ಷ್ಮ ಮತ್ತು ಸಣ್ಣ ಉದ್ಯಮಕ್ಕೆ ಹಣ ಕೊಡುವ ಗಡುವು ಲಿಖಿತ ಕರಾರು ಇದ್ದರೂ 45 ದಿನ ಮೀರುವಂತಿಲ್ಲ. ಕರಾರಿನಲ್ಲಿ ಗಡುವು ಇರದಿದ್ದರೆ 15 ದಿನ. ತಡವಾದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಗಡುವು ಮೀರಿದರೆ ಆ ಮೊತ್ತವನ್ನು ನಿಮಗೆ ಕೊಡುವ ತನಕ ಅವರು ಆದಾಯ ತೆರಿಗೆಯಲ್ಲಿ ಖರ್ಚಾಗಿ ತೋರಿಸುವಂತಿಲ್ಲ. ಈ ನಿಯಮ ಬಂದದ್ದು 2024ರ ಏಪ್ರಿಲ್ 1ರಿಂದ. ಬಡ್ಡಿಯ ಮಾತಿಗಿಂತ ಇದು ಅವರ ಲೆಕ್ಕಪತ್ರ ವಿಭಾಗಕ್ಕೆ ಬೇಗ ನಾಟುತ್ತದೆ. ಜಗಳದ ದನಿ ಬೇಡ, ಒಂದು ಸಾಲಿನಲ್ಲಿ ನೆನಪಿಸಿ.

ಕಂತುಗಳು ಹೀಗಿರಲಿ: ಮುಂಗಡ ಶೇ 30, ಮೊದಲ ಭಾಗ ತೋರಿಸಿದಾಗ 30, ಪರೀಕ್ಷೆಗೆ ಒಪ್ಪಿಸುವಾಗ 30, ಆ್ಯಪ್ ಬಿಡುಗಡೆಯಾದ 30 ದಿನಕ್ಕೆ ಉಳಿದ 10. ಸೇವೆಗೆ ಮುಂಗಡ ಬಂದರೂ ಅದರ ಮೇಲೆ ಜಿಎಸ್‌ಟಿ ಇದೆ, ಮರೆಯಬೇಡಿ. ಟಿಡಿಎಸ್ (ಹಣ ಕೊಡುವಾಗಲೇ ಗಿರಾಕಿ ಮುರಿದುಕೊಳ್ಳುವ ಆದಾಯ ತೆರಿಗೆ) ಶೇ 2 ಹಿಡಿಯುತ್ತಾರೋ 10 ಹಿಡಿಯುತ್ತಾರೋ ಮೊದಲೇ ಕೇಳಿ. 8.40 ಲಕ್ಷಕ್ಕೆ 16,800 ಹೋಗುವುದಕ್ಕೂ 84,000 ಹೋಗುವುದಕ್ಕೂ ಬಹಳ ಅಂತರ. "ಕೊನೆಯ ಕಂತು ಜಮೆಯಾದ ಮೇಲೆ ಸೋರ್ಸ್ ಕೋಡ್ (ಆ್ಯಪ್‌ನ ಮೂಲ ಬರಹ) ಹಕ್ಕು ವರ್ಗಾವಣೆ" ಎಂಬ ಸಾಲು ಕರಾರಿನಲ್ಲಿ ಇರಲಿ.

- ಲೆಕ್ಕಪರಿಶೋಧಕರು, ಧಾರವಾಡ

*

"ಮುಂದ ದೊಡ್ಡ ಕೆಲಸ ಐತಿ" ಅಂದ್ರ ಕಾಗದದಾಗ ಬರದು ಕೊಡ್ರಿ ಅನ್ರಿ. ವರ್ಷದಾಗ 600 ಆಳು-ದಿನದ ಕೆಲಸ ಕೊಟ್ರ ಕೊನಿ ಬಿಲ್ಲಿನಾಗ ಶೇ 5 ಬಿಡ್ತೀವಿ ಅಂತ ಹೇಳ್ರಿ. ಕೆಲಸ ಬಂದ ಮ್ಯಾಲ ರಿಯಾಯಿತಿ, ಬರೂಕಿಂತ ಮೊದಲ ಅಲ್ಲ. ಫೋನಿನ್ಯಾಗ ಹೊಸಾ ದರ ಯಾವತ್ತೂ ಬಾಯಿಬಿಡಬ್ಯಾಡ್ರಿ. "ನಾಳೆ ಮೇಲ್ ಮಾಡ್ತೀನ್ರಿ" ಅಂದು ಇಟ್ಟುಬಿಡ್ರಿ. ಖರೀದಿಯವರಿಗೆ ದರ ಇಳಿಸೋದ ಕೆಲಸ, ಆದ್ರ ತಾರೀಖಿನ ಬಿಸಿ ಇರೂದು ಪ್ರಾಜೆಕ್ಟ್ ನೋಡಾವ್ರಿಗೆ. ಅವರ ಆ್ಯಪ್ ಎಂದು ಬಿಡುಗಡಿ ಆಗಬೇಕು ಅನ್ನೋದನ್ನ ಅವರ ಕಡಿಂದ ತಿಳಕೋರಿ.

- ಮಾರಾಟ ವಿಭಾಗದವರು, ನವನಗರ, ಹುಬ್ಬಳ್ಳಿ

*

ಒಂದೇ ಗಿರಾಕಿಯ ಮೇಲೆ ಕೂತರೆ ಮಾತುಕತೆಗೆ ಬಲ ಬರುವುದಿಲ್ಲ. ಐಟಿ ಕಂಪನಿಗಳಿಗೆ ಪರಿಚಯಪತ್ರ ಕಳಿಸುವಾಗ "ಎಲ್ಲ ಮಾಡುತ್ತೇವೆ" ಎಂದು ಬರೆದರೆ ಅದನ್ನು ಯಾರೂ ಓದುವುದಿಲ್ಲ. ಒಂದು ಕ್ಷೇತ್ರ ಹಿಡಿಯಿರಿ. ನಿಮ್ಮ ಸುತ್ತಲೇ ಅನುಭವದ ಗಣಿ ಇದೆ: ತಾರಿಹಾಳದ ಕಾರ್ಖಾನೆಗಳ ದಾಸ್ತಾನು ಲೆಕ್ಕ, ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯ ಚೀಲ, ತೂಕ, ದಲಾಲಿ ಲೆಕ್ಕ, ಕೋಲ್ಡ್ ಸ್ಟೋರೇಜ್ ಬಾಡಿಗೆ. ಬ್ಯಾಡಗಿಗೆ ಫೆಬ್ರುವರಿ, ಮಾರ್ಚ್‌ನಲ್ಲಿ ಡೆಮೊ ಹಿಡಿದು ಹೋಗಬೇಡಿ, ಆಗ ಅಂಗಡಿಯವರಿಗೆ ಉಸಿರಾಡಲು ಪುರಸೊತ್ತಿಲ್ಲ, ಮಳೆಗಾಲದಲ್ಲಿ ಹೋಗಿ.

ಅಂಥ ಎರಡು ಕೆಲಸ ಮುಗಿದ ಮೇಲೆ ಒಂದೊಂದು ಪುಟದ ವಿವರ ಸಿದ್ಧಪಡಿಸಿ: ಮೊದಲು ಏನು ತೊಂದರೆ ಇತ್ತು, ಏನು ಕಟ್ಟಿದಿರಿ, ಎಷ್ಟು ವಾರ ಹಿಡಿಯಿತು. ಕೃಷಿ ಮಾರುಕಟ್ಟೆ, ಗೋದಾಮು ಸಾಫ್ಟ್‌ವೇರ್ ಮಾಡುವ ದೊಡ್ಡ ಕಂಪನಿಗಳಿಗೆ ಆ ಪುಟವನ್ನೇ ಕಳಿಸಿ. ವಾರಕ್ಕೆ ಹತ್ತು ಸಾಕು, ಆದರೆ ಪ್ರತಿ ಪತ್ರದ ಮೊದಲ ಎರಡು ಸಾಲು ಆ ಕಂಪನಿಗೇ ಬರೆದದ್ದಾಗಿರಲಿ. ಐದನೇ ದಿನ, ಹನ್ನೆರಡನೇ ದಿನ ನೆನಪೋಲೆ ಹೋಗಲಿ. ಪುಕ್ಕಟೆ ಮಾದರಿ ಕೇಳಿದರೆ ಹಳೆಯ ಕೆಲಸದ ಡೆಮೊ ತೋರಿಸಿ. ಅವರ ಮಾಹಿತಿ ಹಾಕಿಯೇ ತೋರಿಸಬೇಕೆಂದರೆ ಅದು ಐದು ದಿನದ ಕೆಲಸ, 21,000 ರೂಪಾಯಿ. ಆದೇಶ ಬಂದರೆ ಮೊದಲ ಬಿಲ್ಲಿನಲ್ಲಿ ಕಳೆಯುತ್ತೇವೆ ಎನ್ನಿ.

- ಓದುಗರು, ಹಾವೇರಿ