ಓದುಗರ ಸ್ಪಂದನ: ‘ಈಗೇನು ಮಾಡ್ಕೊಂಡಿದೀಯಪ್ಪಾ?’

ಕಳೆದ ಸಂಚಿಕೆಯ ಸಮಸ್ಯೆ: ನನಗೆ 31 ವರ್ಷ. ಎಂ.ಎ. ಮುಗಿಸಿ ಎಂಟು ವರ್ಷವಾಯಿತು. ಧಾರವಾಡದಲ್ಲಿ ರೂಮು ಮಾಡಿಕೊಂಡು ಸರ್ಕಾರಿ ನೌಕರಿಗಾಗಿ ಓದಿದೆ. ಎರಡು ಸಲ ಸ್ವಲ್ಪದರಲ್ಲೇ ತಪ್ಪಿತು. ದುಡ್ಡು ಮುಗಿದು ಈಗ ಊರಿಗೆ ಬಂದಿದ್ದೇನೆ. ತಮ್ಮ ಬೆಂಗಳೂರಿನಲ್ಲಿ ದುಡಿಯುತ್ತಾನೆ. ಅಪ್ಪ ನನ್ನ ಜೊತೆ ಮಾತು ಬಿಟ್ಟಿದ್ದಾರೆ. ನೆಂಟರು ಬಂದರೆ ಹಿತ್ತಲಿಗೆ ಹೋಗಿ ನಿಲ್ಲುತ್ತೇನೆ. ‘ಕೂತು ಉಣ್ಣೋನಿಗೆ ಕುಡಿಕೆ ಹೊನ್ನು ಸಾಲದು’ ಎಂದು ದೊಡ್ಡಪ್ಪ ಊಟದ ಹೊತ್ತಲ್ಲೇ ಹೇಳಿದರು. ಇವರನ್ನೆಲ್ಲ ಹೇಗೆ ಎದುರಿಸಲಿ?

ನಿಮ್ಮ ಪತ್ರ ಓದಿ ಧಾರವಾಡದ ಸಪ್ತಾಪುರದ ನನ್ನ ರೂಮು ನೆನಪಾಯಿತು. ಮೂರು ಜನ, ಒಂದು ಕಿಟಕಿ. ನಾನು 545 ಪಿಎಸ್‌ಐ ಹುದ್ದೆಗಳ ಪರೀಕ್ಷೆ ಬರೆದವನು. ಬರೆದದ್ದು 2021ರ ಅಕ್ಟೋಬರ್‌ನಲ್ಲಿ. ಅಕ್ರಮ ಬಯಲಾಗಿ 2022ರ ಏಪ್ರಿಲ್‌ನಲ್ಲಿ ಅದು ರದ್ದಾಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿ 23ಕ್ಕೆ. ಈ ನಡುವೆ ಊರಿಗೆ ಹೋದಾಗಲೆಲ್ಲ ಅಪ್ಪ ಮುಖ ಗಂಟು ಹಾಕಿಕೊಳ್ಳುತ್ತಿದ್ದರು. ನಾನೂ ಬಾಯಿ ಬಿಡುತ್ತಿರಲಿಲ್ಲ. ಪೇಪರಿನಲ್ಲಿ ಬಂದಿದೆಯಲ್ಲ, ಗೊತ್ತಿರುತ್ತೆ ಅಂದುಕೊಂಡಿದ್ದೆ.

ಗೊತ್ತಿರಲಿಲ್ಲ. ಅಪ್ಪನ ಲೆಕ್ಕದಲ್ಲಿ ನಾನು ಫೇಲಾಗಿದ್ದೆ, ಅದನ್ನು ಮುಚ್ಚಿಡುತ್ತಿದ್ದೆ. ಒಂದು ರಾತ್ರಿ ಕರೆಂಟು ಹೋಗಿತ್ತು. ಕತ್ತಲಲ್ಲಿ ಮಾತಾಡುವುದು ಸುಲಭ ನೋಡಿ. ತಾರೀಖು ಸಮೇತ ಎಲ್ಲ ಹೇಳಿದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅಂದ್ರ ಬ್ಯಾಡಗಿಗೆ ಮೆಣಸಿನಕಾಯಿ ಒಯ್ದ ಮ್ಯಾಲೆ ಟೆಂಡರ್ ರದ್ದಾದಂಗಾತು’ ಅಂದರು. ಅಷ್ಟೇ. ಮುಂದಿನ ವಾರ ಸೋದರಮಾವ ಕೆದಕಿದಾಗ ಉತ್ತರ ಕೊಟ್ಟವರು ಅಪ್ಪ.

ದೊಡ್ಡಪ್ಪನನ್ನು ಸದ್ಯಕ್ಕೆ ಬಿಡಿ. ಮೊದಲು ಅಪ್ಪನ ಹತ್ತಿರ ಕೂತುಕೊಳ್ಳಿ. ಇನ್ನೆಷ್ಟು ಪರೀಕ್ಷೆ ಬರೆಯುತ್ತೀರಿ, ವಯೋಮಿತಿ ಯಾವಾಗ ಮುಗಿಯುತ್ತದೆ, ಆಮೇಲೇನು, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. ‘ಇನ್ನೆಷ್ಟು ದಿನ’ ಎಂಬುದು ನಮಗೆ ಬೈಗುಳದ ಹಾಗೆ ಕೇಳಿಸುತ್ತದೆ. ಅವರಿಗೆ ಅದು ನಿಜಕ್ಕೂ ಗೊತ್ತಿರುವುದಿಲ್ಲ. ಅಂದಹಾಗೆ ನನಗೆ ಆ ಕೆಲಸ ಸಿಗಲಿಲ್ಲ. ಒಂದು ಖಾಸಗಿ ಶಾಲೆಯಲ್ಲಿ ಪಾಠ ಹೇಳುತ್ತೇನೆ. ಸಂಬಳ ಹೇಳಿಕೊಳ್ಳುವಂಥದ್ದಲ್ಲ.
– ಹಾವೇರಿ ಜಿಲ್ಲೆಯ ಓದುಗ

ನಾನು ನಿಮ್ಮ ತಮ್ಮನ ಜಾಗದಲ್ಲಿರುವವನು. ಬೇಜಾರಾದರೂ ಹೇಳಿಬಿಡುತ್ತೇನೆ. ಅಣ್ಣ ದುಡಿಯುತ್ತಿಲ್ಲ ಅಂತ ನನಗೆ ಯಾವತ್ತೂ ಸಿಟ್ಟು ಬಂದಿಲ್ಲ. ಹಬ್ಬಕ್ಕೆ ಹೋದಾಗ ಅಮ್ಮ ಕೊಟ್ಟಿಗೆ ಬಾಚಿ ಬಂದು, ಹತ್ತಕ್ಕೆ ಎದ್ದ ಅವನಿಗೆ ಟೀ ಕೊಡುತ್ತಿದ್ದರು. ಅವತ್ತು ಬಂತು. ಡೇರಿಗೆ ಹಾಲು ಹಾಕಿ ಬರೋದಕ್ಕೂ ಪರೀಕ್ಷೆ ಪಾಸಾಗಬೇಕಾ? ನೀವು ಹಾಗಿಲ್ಲದಿದ್ದರೆ ಕ್ಷಮಿಸಿ. ಇನ್ನೊಂದು ಮಾತು. ಅವನ ಅರ್ಜಿ ಫೀಸು ಕೊಡೋಕೆ ನಾನು ಯಾವಾಗಲೂ ರೆಡಿ. ಅವನು ನನ್ನನ್ನು ಕೇಳುವುದಿಲ್ಲ, ಅಮ್ಮನ ಕೈಲಿ ಕೇಳಿಸುತ್ತಾನೆ. ನನಗೆ ಅದೇ ಜಾಸ್ತಿ ನೋವು.
– ಪೀಣ್ಯ, ಬೆಂಗಳೂರು

ಮಗನಿಗೆ ಚುಚ್ಚಿ ಮಾತಾಡಿದ ಅಮ್ಮ ನಾನು. ಮದುವೆ ಮನೆ ಪಂಕ್ತಿಯಲ್ಲಿ ‘ಮಗ ಏನ್ಮಾಡ್ತಾನೆ’ ಅಂತ ಕೇಳಿದರೆ ಹೋಳಿಗೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಆ ಸಿಟ್ಟನ್ನು ಮನೆಗೆ ತಂದು ಅವನ ಮೇಲೆ ಸುರಿಯುತ್ತಿದ್ದೆ. ಕೊನೆಗೆ ಅವನೇ, ‘ಓದ್ತಾ ಇದಾನೆ, ಸಂಜೆ ಹೊತ್ತು ಮಕ್ಕಳಿಗೆ ಟ್ಯೂಷನ್ ಹೇಳ್ತಾನೆ ಅಂತ ಹೇಳಮ್ಮ, ಸಾಕು’ ಅಂದ. ಹೇಳೋಕೆ ಒಂದು ಮಾತು ಸಿಕ್ಕಿದ್ದೇ ನನಗೆ ಎದೆ ಹಗುರಾಯಿತು. ನಿಮ್ಮ ಪತ್ರದಲ್ಲಿ ಅಮ್ಮನ ವಿಷಯ ಒಂದು ಸಾಲೂ ಇಲ್ಲವಲ್ಲ, ಯಾಕಪ್ಪಾ?
– ತಿಪಟೂರು

ಹಿತ್ತಲಿಗೆ ಹೋಗಿ ನಿಲ್ಲುತ್ತೇನೆ ಎಂದಿರಲ್ಲ, ಆ ಸಾಲು ತಲೆಯಿಂದ ಹೋಗಲಿಲ್ಲ. ನಿದ್ದೆ ಬರುತ್ತಿದೆಯಾ? ಊಟ ಸೇರುತ್ತಿದೆಯಾ? ಇಲ್ಲವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಕರೆ ಮಾಡಿ. ನಂಬರು 14416. ದುಡ್ಡು ಕೊಡಬೇಕಿಲ್ಲ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ನಾನು ಮಾಡಿದ್ದು ರಾತ್ರಿ ಒಂದು ಗಂಟೆಗೆ.
– ಹೆಸರು ಬೇಡ, ಮೈಸೂರು

‘ಯುವನಿಧಿ ಮೂರು ಸಾವಿರ ಬರುತ್ತಲ್ಲ ನಿಂಗೆ’ ಎಂದು ನಮ್ಮ ನೆಂಟರು ನಗುತ್ತಿದ್ದರು. ಸರ್ಕಾರದ ಆ ನಿರುದ್ಯೋಗ ಭತ್ಯೆ 2022-23ರಿಂದ ಈಚೆಗೆ ಪಾಸಾದವರಿಗೆ, ಅದೂ ಎರಡು ವರ್ಷ ಮಾತ್ರ, ನಮ್ಮಂಥ ಹಳಬರಿಗಿಲ್ಲ ಎಂದು ವಿವರಿಸಿ ಸಾಕಾಯಿತು. ಆಮೇಲೆ ಸ್ವಉದ್ಯೋಗ ತರಬೇತಿ ಕೊಡುವ ಉಜಿರೆಯ ರುಡ್‌ಸೆಟ್‌ ಸಂಸ್ಥೆಗೆ ಹೋಗಿ ಮೋಟರ್ ರಿವೈಂಡಿಂಗ್ ಕಲಿತೆ. ಊಟ, ವಸತಿ ಎಲ್ಲ ಉಚಿತ. ಓದು ಬಿಡಿ ಅಂತ ಹೇಳುತ್ತಿಲ್ಲ, ನಾನೂ ಬಿಟ್ಟಿಲ್ಲ. ಮೊನ್ನೆ ಚಿಕ್ಕಪ್ಪ ತೋಟದ ಮೋಟರ್ ಸುಟ್ಟುಹೋಯಿತು ಅಂತ ಹೊತ್ತುಕೊಂಡು ಬಂದರು. ಜಗಲಿ ಮೇಲೆ ಇಳಿಸಿ, ಬೆವರು ಒರೆಸಿಕೊಂಡು ಕೇಳಿದ್ದು ಅದನ್ನೇ: ‘ಇನ್ನೂ ಎಲ್ಲೂ ನೌಕರಿ ಆಗ್ಲಿಲ್ವೇನೋ?’
– ಸಾಗರ