ಅರ್ಧ ಒತ್ತಿದರೆ ಬೀಪ್ ಬರುತ್ತದೆ, ಪೂರ್ತಿ ಒತ್ತಿದರೆ ಫೋಟೋ ಬರಲ್ಲ: ಯಾರಿಗಾದರೂ ಹೀಗಾಗಿದೆಯಾ?

ಕೇಳಿದ್ದು: ನನ್ನ ಡಿಎಸ್‌ಎಲ್‌ಆರ್ ಕ್ಯಾಮೆರಾಗೆ ಆರು ವರ್ಷ. ಶಟರ್ ಬಟನ್ (ಫೋಟೋ ತೆಗೆಯುವ ಬಟನ್) ಅರ್ಧ ಒತ್ತಿದರೆ ಫೋಕಸ್ ಆಗಿ ಬೀಪ್ ಬರುತ್ತದೆ. ಪೂರ್ತಿ ಒತ್ತಿದರೆ ಮೂರು ಸಲಕ್ಕೆ ಒಂದು ಸಲ ಮಾತ್ರ ಫೋಟೋ. ಮುಂದಿನ ವಾರ ಅಕ್ಕನ ಸೀಮಂತ ಇದೆ. ರಿಪೇರಿಗೆ ಕೊಡುವ ಮೊದಲು ಮನೆಯಲ್ಲಿ ಏನು ನೋಡಬಹುದು?

ಕುಂದಾಪುರದಿಂದ: ನನಗೂ ಹೀಗೇ ಆಗಿತ್ತು. ನಮ್ಮ ಮನೆ ಕಡಲಿಗೆ ಹತ್ತಿರ. ಒಂದು ಮಳೆಗಾಲ ಪೂರ್ತಿ ಕ್ಯಾಮೆರಾ ಬ್ಯಾಗಿನಲ್ಲೇ ಇತ್ತು. ಹೊರಗೆ ತೆಗೆದಾಗ ಬಟನ್ ಬಲವಾಗಿ ಅದುಮಿದರಷ್ಟೇ ಕ್ಲಿಕ್. ತುಂಬಾ ಕ್ಯಾಮೆರಾಗಳಲ್ಲಿ ಆ ಬಟನ್ ಕೆಳಗೆ ತೆಳುವಾದ ಲೋಹದ ಪಟ್ಟಿಗಳಿರುತ್ತವೆ. ಅರ್ಧ ಒತ್ತಿದಾಗ ಎರಡು ಪಟ್ಟಿ ತಾಗಿ ಫೋಕಸ್ ಆಗುತ್ತದೆ. ಪೂರ್ತಿ ಒತ್ತಿದಾಗ ಮೂರನೆಯದೂ ತಾಗಿ ಫೋಟೋ ಬೀಳುತ್ತದೆ. ತೇವ, ಬೆವರಿಗೆ ಆ ಪಟ್ಟಿಗಳು ಕಿಲುಬು ಹಿಡಿಯುತ್ತವೆ. ನಿಮಗೆ ಬೀಪ್ ಬರುತ್ತಿದೆ ಅಂದರೆ ಮೊದಲ ಹಂತ ಸರಿ ಇದೆ. ಅನುಮಾನ ಎರಡನೆಯದರ ಮೇಲೆ.

ಆದರೆ ತೊಂದರೆ ಬಟನ್‌ದೇ ಹೌದಾ ಅಂತ ಮೊದಲು ನೋಡಿಕೊಳ್ಳಿ. ರಿಮೋಟ್‌ನಿಂದಲೋ ಮೊಬೈಲ್ ಆ್ಯಪ್‌ನಿಂದಲೋ ಹತ್ತಿಪ್ಪತ್ತು ಫೋಟೋ ತೆಗೆಯಿರಿ. ಎಲ್ಲವೂ ಬಂದರೆ ಒಳಗಿನ ಶಟರ್, ಕನ್ನಡಿ ಚೆನ್ನಾಗಿವೆ, ಬಟನ್ ಮಾತ್ರ ಕೆಟ್ಟಿದೆ. ಅದರಲ್ಲೂ ತಪ್ಪಿದರೆ ಬಟನ್‌ಗೆ ಏನೂ ಮಾಡಲು ಹೋಗಬೇಡಿ, ಸೀದಾ ರಿಪೇರಿಗೆ ಕೊಡಿ.

ನಾನು ಮಾಡಿದ್ದು ಇಷ್ಟು. ಬ್ಯಾಟರಿ ತೆಗೆದೆ. 99% ಐಸೊಪ್ರೊಪೈಲ್ ಆಲ್ಕೊಹಾಲ್ (ಬೇಗ ಆರಿಹೋಗುವ, ಕಿಲುಬು ಒರೆಸುವ ದ್ರವ) ಒಂದೇ ಒಂದು ಹನಿ, ಸಿರಿಂಜ್‌ನಿಂದ ಬಟನ್ ಅಂಚಿಗೆ ಬಿಟ್ಟೆ. ಐವತ್ತು ಅರವತ್ತು ಸಲ ಒತ್ತಿದೆ. ರಾತ್ರಿಯಿಡೀ ಒಣಗಲು ಬಿಟ್ಟೆ. ಎಂಟು ತಿಂಗಳು ಚೆನ್ನಾಗಿ ನಡೆಯಿತು. ಮತ್ತೆ ಶುರುವಾದಾಗ ಸ್ವಿಚ್ಚನ್ನೇ ಹಾಕಿಸಿದೆ. ಶಾಶ್ವತ ಪರಿಹಾರ ಅಲ್ಲ, ಆದರೆ ನಿಮ್ಮ ಸೀಮಂತದ ಮಟ್ಟಿಗೆ ಸಾಕಾಗಬಹುದು. ಕೈಗೆ ಹಚ್ಚುವ ಸ್ಯಾನಿಟೈಸರ್ ಬೇಡ, ಅದರಲ್ಲಿ ನೀರು, ಜೆಲ್ ಇರುತ್ತದೆ. ಬಾಗಿಲ ಕೀಲಿಗೆ ಹೊಡೆಯುವ ಎಣ್ಣೆ ಸ್ಪ್ರೇಯಂತೂ ಬೇಡವೇ ಬೇಡ. ಎಣ್ಣೆ ಒಳಗೇ ಉಳಿದು ಧೂಳು ಹಿಡಿಯುತ್ತದೆ.

ದಾವಣಗೆರೆಯಿಂದ: ಬೀಪ್ ಪ್ರತಿ ಸಲವೂ ಬರುತ್ತಾ, ಸರಿಯಾಗಿ ಗಮನಿಸಿ. ನಾನು ಬಟನ್ ಹೋಯ್ತು ಅಂತ ಎರಡು ದಿನ ಒದ್ದಾಡಿದ್ದೆ. ಕೊನೆಗೆ ನೋಡಿದರೆ ಫೋಟೋ ತೆಗೆಯುವ ವಸ್ತುವಿಗೆ ತೀರಾ ಹತ್ತಿರ ಹೋಗುತ್ತಿದ್ದೆ, ಅಷ್ಟೇ. ನನ್ನ 50 ಎಂಎಂ ಲೆನ್ಸ್‌ಗೆ ಕನಿಷ್ಠ 35 ಸೆಂಟಿಮೀಟರ್ ದೂರ ಬೇಕು. ಅದಕ್ಕಿಂತ ಹತ್ತಿರವಾದರೆ ಫೋಕಸ್ ಸಿಗುವುದಿಲ್ಲ, ಫೋಕಸ್ ಸಿಗದೆ ಕ್ಯಾಮೆರಾ ಕ್ಲಿಕ್ ಮಾಡುವುದಿಲ್ಲ. ಕತ್ತಲಲ್ಲೂ, ಖಾಲಿ ಗೋಡೆಗೆ ಹಿಡಿದರೂ ಹೀಗೇ. ಲೆನ್ಸ್ ಸ್ವಿಚ್ಚನ್ನು ಮ್ಯಾನುಯಲ್ ಫೋಕಸ್‌ಗೆ (ಕೈಯಿಂದಲೇ ಫೋಕಸ್ ಮಾಡುವುದಕ್ಕೆ) ಹಾಕಿ ಬಟನ್ ಒತ್ತಿ ನೋಡಿ. ಆಗ ಪ್ರತಿ ಸಲ ಕ್ಲಿಕ್ ಆದರೆ ಬಟನ್ ಸರಿ ಇದೆ. ಒಂದು ನಿಮಿಷದ ಕೆಲಸ.

ರಿಪೇರಿ ಕೆಲಸ ಮಾಡುವವರಿಂದ: ದಯವಿಟ್ಟು ಮೇಲಿನ ಕವರ್ ನೀವೇ ಬಿಚ್ಚಬೇಡಿ. ಫ್ಲ್ಯಾಶ್‌ನ ಕೆಪಾಸಿಟರ್‌ನಲ್ಲಿ (ವಿದ್ಯುತ್ ಹಿಡಿದಿಡುವ ಭಾಗ) 300 ವೋಲ್ಟ್‌ವರೆಗೂ ಇರುತ್ತದೆ. ಬ್ಯಾಟರಿ ತೆಗೆದ ಮೇಲೂ ಉಳಿದಿರುತ್ತದೆ. ಶಾಕ್ ಜೋರಾಗಿಯೇ ಹೊಡೆಯುತ್ತದೆ.

ಕೇಳಿದವರಿಂದ: ಎಲ್ಲರಿಗೂ ಥ್ಯಾಂಕ್ಸ್. ಮ್ಯಾನುಯಲ್ ಫೋಕಸ್‌ನಲ್ಲೂ ಬಟನ್ ತಪ್ಪುತ್ತಿದೆ. ಆದರೆ ಮೊಬೈಲ್‌ನಿಂದ ಇಪ್ಪತ್ತಕ್ಕೆ ಇಪ್ಪತ್ತೂ ಫೋಟೋ ಬಂದವು. ಹನಿ ಬಿಟ್ಟು ಒಣಗಲು ಇಟ್ಟಿದ್ದೇನೆ. ಯಾವುದಕ್ಕೂ ಇರಲಿ ಅಂತ ಪಕ್ಕದ ಮನೆಯವರ ಹತ್ತಿರ ರಿಮೋಟ್ ಕೇಳಿ ತಂದಿದ್ದೇನೆ.